ಹಾರುವ ನಾಯಕನ ಕರಕರ ಬೂಟು

ಕಾಕಾ ಅವರ ಬಲಗಾಲಿನ ಹೆಬ್ಬೆರಳು ಉಳಿದ ಬೆರಳುಗಳ ಜೊತೆ ಜಗಳವಾಡಿದಂತೆ ಹೊರಕ್ಕೆ ತಿರುಗಿ ನಿಂತಿತ್ತು. ತೊಗಲನ್ನು ಅದರಡಿ ಒತ್ತಿ ಹಿಡಿದು ಚಪ್ಪಲಿ ಹೊಲಿದೂ ಹೊಲಿದೂ ಹಾಗಾಗಿತ್ತು. ಅಥಣಿಯಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಅವರು ತೊಗಲು ಬಡಿಯುವ ಸದ್ದಿಗೆ ಆ ಗೋಡೆ ಇವತ್ತು ಬಿರಿಯುತ್ತದೆ, ನಾಳೆ ಬಿರಿಯುತ್ತದೆ ಎಂದು ಹೆದರುತ್ತಲೇ ನನ್ನ ತಲೆ ನರೆಯಿತು. ಗೋಡೆ ಗಟ್ಟಿಯಾಗಿಯೇ ಇದೆ.

ನಮ್ಮ ಕಡೆ ಗಣ್ಯರ ಚಪ್ಪಲಿ ಸದ್ದು ಮಾಡಬೇಕು. ಎರಡು ಅಟ್ಟೆಗಳ ನಡುವೆ ಒಂದು ಜಾತಿಯ ಬೀಜ ಇಟ್ಟು ಹೊಲಿದರೆ ಹೆಜ್ಜೆಗೊಮ್ಮೆ ಕರ್ ಕರ್ ಎನ್ನುತ್ತದೆ. ಗೌಡರು ಓಣಿಯ ತುದಿಯಲ್ಲಿರುವಾಗಲೇ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು.

ಹರೆಯದಲ್ಲಿ ಕಾಕಾ ಮುಂಬೈಗೆ ಹೋಗಿ, ಸಿನಿಮಾದವರಿಗೆ ಪಾದರಕ್ಷೆ ಮಾಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತರು. ಆಗ ಮುಖವಾಡ ತೊಟ್ಟು ಆಕಾಶದಲ್ಲಿ ಹಾರುವ ನಾಯಕನ ಸಿನಿಮಾ ಒಂದು ತಯಾರಾಗುತ್ತಿತ್ತು. ಅವನ ಕೆಂಪು ಬೂಟು ಇವರ ಪಾಲಿಗೆ ಬಂತು. ಮಾಡಿದರು. ಅಟ್ಟೆಯಲ್ಲಿ ಬೀಜವನ್ನೂ ಹಾಕಿದರು.

"ಏನ್ ಮಾಡ್ಲಿ ತಮ್ಮಾ, ಕೈಗೆ ರೂಢಿ. ದೊಡ್ಡ ಮನಶ್ಯಾನ ಕಾಲಾಗಿಂದು ಅಂದ್ರ ಬೀಜ ಹಾಕೂದ."

ಕಿಟಕಿಯಿಂದ ಸದ್ದಿಲ್ಲದೆ ಇಳಿದು ಖಳರ ಬೆನ್ನ ಹಿಂದೆ ಬರುವ ದೃಶ್ಯ. ನಾಯಕ ಕಾಲಿಟ್ಟ, ಕರ್ ಎಂದಿತು. "ಇವನು ಹೀರೋನೋ, ಎತ್ತಿನ ಗಾಡಿಯೋ?" ಎಂದು ನಿರ್ದೇಶಕರು ಹರಿಹಾಯ್ದರಂತೆ. ಬೈಗುಳ ತಪ್ಪಿಸಿಕೊಳ್ಳಲು ಕಾಕಾ ಬಾಯಿಗೆ ಬಂದದ್ದನ್ನು ಹೇಳಿದರು: "ಸಾಹೇಬ್ರ, ಸಪ್ಪಳಿಲ್ದ ಬರಾಂವ ಕಳ್ಳ. ಇಂವ ಕಳ್ಳರನ್ನ ಹಿಡ್ಯಾಂವ ಅಲ್ರೀ?" ಅಷ್ಟರಲ್ಲಿ ನಿರ್ದೇಶಕರಿಗೆ ಇನ್ನೊಂದು ಸಂಗತಿ ಹೊಳೆದಿತ್ತು. ಇಸ್ಪೀಟು ಆಡುವ ನಟನೆಯಲ್ಲಿದ್ದ ಖಳರು ಆ ಸದ್ದಿಗೆ ನಿಜವಾಗಿ ಬೆಚ್ಚಿದ್ದರು. ಸದ್ದು ಸಿನಿಮಾದಲ್ಲಿ ಉಳಿಯಿತು. ಕಾಕಾ ಅವರ ಹೆಸರು ತೆರೆಯ ಮೇಲೆ ಬರಲಿಲ್ಲ.

ಈ ಕಥೆಯನ್ನು ಓಣಿಯಲ್ಲಿ ಎಲ್ಲರೂ ನಂಬಿದರು, ಅವರ ಹೆಂಡತಿ ಕಾಕಿಯನ್ನು ಬಿಟ್ಟು. ಕತ್ತಲಲ್ಲಿ ಕೂತರೆ ತಲೆ ಸುತ್ತುತ್ತದೆಂದು ಕಾಕಿ ಥಿಯೇಟರ್ ಮೆಟ್ಟಿಲು ಹತ್ತಿದವರಲ್ಲ. "ಹಾರಾಡಾಂವಗ ಬೂಟ್ ಯಾಕ ಬೇಕ್ರೀ? ಅಂವ ನೆಲಕ್ಕ ಕಾಲ ಇಡೂದ ಇಲ್ಲಲ್ಲ!" ಎಂದು ಎಲ್ಲರೆದುರು ಕಾಲೆಳೆಯುತ್ತಿದ್ದರು. ನಾನು ಸಾಕ್ಷಿಯಾಗಬಹುದಿತ್ತು. ಆದರೆ ಚಿಕ್ಕಂದಿನಲ್ಲಿ ಟೆಂಟಿನಲ್ಲಿ ಆ ಸಿನಿಮಾ ನೋಡುವಾಗ, ಬೆಂಕಿ ಬಿದ್ದರೆ ಯಾವ ಕಡೆ ಓಡುವುದೆಂದು ಯೋಚಿಸುತ್ತ ಬಾಗಿಲನ್ನೇ ನೋಡುತ್ತಿದ್ದೆ. ಏನು ಕೇಳಿಸಿತ್ತೋ ದೇವರೇ ಬಲ್ಲ.

ಹೋದ ವರ್ಷ ಆ ಸಿನಿಮಾವನ್ನು ಹೊಸದಾಗಿ ತೊಳೆದು ಬೆಳಗಿ ಮತ್ತೆ ಬಿಡುಗಡೆ ಮಾಡಿದರು. ಅಷ್ಟೊತ್ತಿಗೆ ಕಾಕಾ ಅವರಿಗೆ ಉಬ್ಬಸ ಜೋರಾಗಿತ್ತು. "ತಮ್ಮಾ, ನಾ ಸಾಯೂದ್ರಾಗ ಈಕಿ ಒಮ್ಮೆ ನಂಬಬೇಕು" ಎಂದರು. ಕಾಕಿಯನ್ನು ಹೇಗೋ ಒಪ್ಪಿಸಿ, ಇಬ್ಬರನ್ನೂ ಕಾರಿನಲ್ಲಿ ಚಿಕ್ಕೋಡಿಯ ಥಿಯೇಟರಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಟೈರು, ಅವರ ಎದೆ, ಕಾಕಿಯ ತಲೆಸುತ್ತು, ಒಂದೊಂದಕ್ಕೂ ಸರದಿಯಂತೆ ಚಿಂತೆ ಮಾಡಿದೆ.

ಕಿಟಕಿಯ ದೃಶ್ಯ ಬಂತು. ಕಾಕಾ ಮುಂದಕ್ಕೆ ಬಾಗಿದರು. ನಾಯಕ ಕಾಲಿಟ್ಟ. ಇನ್ನೊಂದು ಹೆಜ್ಜೆ ಇಟ್ಟ. ಏನೂ ಕೇಳಿಸಲಿಲ್ಲ. ಹಳೆಯ ಪ್ರತಿಯ ಗೀರು, ಗರಗರಗಳ ಜೊತೆ ಇವರ ಸದ್ದನ್ನೂ ಕಸವೆಂದು ಗುಡಿಸಿಬಿಟ್ಟಿದ್ದರು.

"ತಗದ ಬಿಟ್ಟಾರ" ಎಂದು ಕಾಕಾ ಕುರ್ಚಿಗೆ ಒರಗಿದರು. ನಾನು ಅವರ ಉಬ್ಬಸದ ಮದ್ದಿನ ಪಂಪಿಗಾಗಿ ಜೇಬು ತಡಕಾಡಿದೆ.

ಕಾಕಿ ಮಾತ್ರ ತೆರೆಯನ್ನೇ ದಿಟ್ಟಿಸುತ್ತಿದ್ದರು. "ಏನ್ರೀ, ಅಂವ ಹಿಂದಿಂದ ಬಂದಾನ. ಒಂದ ಸಪ್ಪಳಿಲ್ಲ. ಮತ್ತ ಇವ್ರೆಲ್ಲಾ ಇಸ್ಪೀಟ ಎಲಿ ಚೆಲ್ಲಿ ಹೊಳ್ಳಿ ಯಾಕ ನೋಡಿದ್ರು?"

ಕಾಕಾ ಒರಗಿದಲ್ಲಿಂದ ತಲೆಯೆತ್ತಿದರು.

"ಅಂದ್ರ ಸಪ್ಪಳ ಆಗೇತಿ" ಎಂದರು ಕಾಕಿ, ಮುಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಇಷ್ಟ ದಿನ ನಾನ ಸುಮ್ನ ನಿಮ್ಮನ್ನ ಕಾಡಿದ್ನಿ."

ಕಾಕಾ ಆಮೇಲೆ ಸಿನಿಮಾ ನೋಡಿದ್ದನ್ನು ನಾನು ಕಾಣೆ. ಕಾಕಿಯನ್ನೇ ನೋಡುತ್ತ ಕೂತಿದ್ದರು.

ಚಳಿಗಾಲ ಮುಗಿಯುವುದರೊಳಗೆ ಅವರು ಹೋದರು. ಮಾತಾಡಿಸಲು ಬಂದವರನ್ನು ಕಾಕಿ ಪಕ್ಕದಲ್ಲಿ ಕೂರಿಸಿಕೊಂಡು, ನನ್ನಿಂದ ಮೊಬೈಲಿನಲ್ಲಿ ಆ ದೃಶ್ಯ ಹಾಕಿಸುತ್ತಾರೆ. ನಾಯಕ ಕಿಟಕಿ ದಾಟುತ್ತಲೇ ಖಳರ ಮುಖದ ಮೇಲೆ ಬೆರಳಿಡುತ್ತಾರೆ: "ಹೀರೋನ್ನ ಬಿಡ್ರಿ, ಇವ್ರನ್ನ ನೋಡ್ರಿ. ಹೆಂಗ ಅಂಜ್ಯಾರ! ನಮ್ಮವ್ರ ಕೆಲಸ ಇದು."