ರಿವರ್ಸ್ ಗೇರ್ ಅಕ್ಕ

ಪರಪರನೆ ಚಪ್ಪಲಿ ಎಳೆಯುವ ಸದ್ದು ಕೇಳಿದರೆ ಅರಮನೆಯ ಕಾವಲುಗಾರರು ದಾರಿ ಬಿಡುತ್ತಾರೆ: ಗೈಡ್ ಅಕ್ಕ ಪ್ರವಾಸಿಗರ ಕಡೆ ಮುಖ ಮಾಡಿ, ಕಥೆ ಹೇಳುತ್ತಾ, ಹಿಂದಕ್ಕೆ ನಡೆದು ಬರುತ್ತಿದ್ದಾಳೆ. ಎಲ್ಲರ ಬಾಯಲ್ಲೂ ಅವಳು ‘ರಿವರ್ಸ್ ಗೇರ್’. ಮನೆಯಲ್ಲೂ ಮಾತಾಡುತ್ತಾ ಹಿಂದೆ ಹಿಂದೆ ನಡೆದು ಅತ್ತೆಯ ಕಾಲು ತುಳಿಯುತ್ತಾಳೆ, “ನನ್ನ ಕಾಲೇನು ಅರಮನೆ ಮೆಟ್ಟಿಲಾ?” ಎಂದು ಅತ್ತೆ ರೇಗುತ್ತಾರೆ. ಈಗ ಅಕ್ಕನ ಮಂಡಿ ಸವೆದಿದೆ. “ಆಫೀಸಲ್ಲಿ ಕೂತು ಮಾಡೋ ಕೆಲಸ ತಗೊಳ್ಳಿ ಅಕ್ಕಾ. ಇವತ್ತು ಹೂಂ ಅನ್ನದಿದ್ರೆ ಆ ಕುರ್ಚಿ ಬೇರೆಯವರಿಗೆ ಹೋಗುತ್ತೆ,” ಎಂದರು ಮ್ಯಾನೇಜರು, ಅವಳನ್ನು ಕರೆಸಿ ಎದುರಿಗೆ ಕೂರಿಸಿಕೊಂಡು. “ದಿನಾ ಅದೇ ದರ್ಬಾರು ಹಾಲ್ ನೋಡಿ ಬೇಜಾರಾಗಿಲ್ವಾ?” “ಹಾಲ್ ಯಾರು ನೋಡಿದ್ರು ಸಾರ್! ಅದಕ್ಕೆ ನನ್ನ ಬೆನ್ನು. ಬಾಗಿಲು ತೆಗೆದಾಗ ಜನರ ಮುಖ ಅರಳುತ್ತಲ್ಲಾ, ನಾನು ನೋಡೋದು ಅದನ್ನ.” “ಅದ್ಸರಿ, ಕುರ್ಚಿ ವಿಷಯ...” ಎನ್ನುವಷ್ಟರಲ್ಲಿ ಹೊರಗೆ ಪ್ರವಾಸಿಗರ ಬಸ್ಸು ಬಂದು ನಿಂತಿತು, ಅಕ್ಕ ಮಂಡಿ ನೀವಿಕೊಂಡು ಎದ್ದು ಹೊರಟೇಬಿಟ್ಟಳು.