ಕಿವಿಯಣ್ಣ ಅಳೆದ ಗೆರೆ

ನನ್ನ ಮೈದುನನನ್ನು ಬೀದಿಯವರು ಕಿವಿಯಣ್ಣ ಅಂತಲೇ ಕರೆಯುತ್ತಿದ್ದರು. ಕೆಟ್ಟ ಆಂಪ್ಲಿಫೈಯರ್ ಯಾರೇ ತಂದರೂ ಅವನು ಮೊದಲು ಮುಚ್ಚಳ ಬಿಚ್ಚುತ್ತಿರಲಿಲ್ಲ. ಸ್ಪೀಕರಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಕೂತು, ಟ್ರಾನ್ಸ್‌ಫಾರ್ಮರ್ ಪಕ್ಕದ ಕೆಪಾಸಿಟರ್ ಒಣಗಿದೆ ಅನ್ನುತ್ತಿದ್ದ. ಬಿಚ್ಚಿದರೆ ಅದೇ ಇರುತ್ತಿತ್ತು. ಮೂವತ್ತೆಂಟು ವರ್ಷ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಇದೇ ಕೆಲಸ ಮಾಡಿದ. ಮದುವೆ ಆಗಲಿಲ್ಲ. ಯಾಕಯ್ಯಾ ಅಂತ ಕೇಳಿದವರಿಗೆ, ಮನೆ ತುಂಬ ಸ್ಪೀಕರ್ ಇರುವಾಗ ಇನ್ನೊಂದು ಯಾಕೆ ಅನ್ನುತ್ತಿದ್ದ.

ಆ ಕೆಲಸದಲ್ಲಿ ನನ್ನ ಪಾಲೂ ಇತ್ತು. ಯಾವ ಸೆಟ್ಟು ಯಾವ ದಿನ ಬಂತು, ಏನು ಬದಲಾಯಿಸಿದ, ಯಾವ ದಿನ ಹೋಯಿತು, ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದು, ಸೆಟ್ಟಿನ ಬೆನ್ನಿಗೆ ತಾರೀಖಿನ ಚೀಟಿ ಅಂಟಿಸುತ್ತಿದ್ದೆ. ನನ್ನ ಅಕ್ಷರ ಸೊಟ್ಟ, ಅಂಕಿ ಮಾತ್ರ ತಪ್ಪುವುದಿಲ್ಲ.

ಕೊನೆಯ ಪರೀಕ್ಷೆಗೆ ಅವನ ಹತ್ತಿರ ಇದ್ದದ್ದು ಒಂದೇ ಕ್ಯಾಸೆಟ್. ನಮ್ಮವರು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸು ಹೊರಡುವ ಹೊತ್ತು ಹೇಳುತ್ತಿದ್ದರು. ತಮ್ಮನಿಗೆ ಇರಲಿ ಅಂತ ಅರ್ಧ ಗಂಟೆ ಮಾತಾಡಿ ಆ ಕ್ಯಾಸೆಟ್ ತುಂಬಿಸಿ ಕೊಟ್ಟಿದ್ದರು. ಅವರು ಹೋಗಿ ಹದಿನಾಲ್ಕು ವರ್ಷ ಆಯಿತು. ಆದರೂ ರಿಪೇರಿಯಾದ ಪ್ರತಿ ಸೆಟ್ಟಿನಲ್ಲೂ "ಪ್ರಯಾಣಿಕರ ಗಮನಕ್ಕೆ" ಅನ್ನುತ್ತಿದ್ದರು. ಮೈದುನ ಕೀರಲು ಸದ್ದನ್ನು ಏರಿಸಿ ಇಳಿಸುವ ಒಂದು ಪುಟ್ಟ ಕೆಪಾಸಿಟರನ್ನು ಹಾಕಿ ತೆಗೆದು, ಬೇರೆಯದು ಹಾಕಿ, ಅಣ್ಣನ ಮಾತು ಸ್ಪಷ್ಟವಾಗುವವರೆಗೂ ಬಿಡುತ್ತಿರಲಿಲ್ಲ. ಆಮೇಲೆ ಅಡುಗೆಮನೆಯಿಂದ ನನ್ನನ್ನು ಕರೆದು, ಅತ್ತಿಗೆ, ಅಣ್ಣನ ಹಾಗೇ ಇದೆಯಾ ಅಂತ ಕೇಳುವುದು ರೂಢಿ. ನಾನು ಹಾಗೇ ಇದೆ ಅಂದ ಮೇಲೆಯೇ ಮುಚ್ಚಳದ ತಿರುಪು ಬಿಗಿಯುತ್ತಿದ್ದ.

ಹೋದ ವರ್ಷ ನಿಲ್ದಾಣಕ್ಕೆ ಹೊಸ ಮೇಲಧಿಕಾರಿ ಬಂದರು. ಮೈಕಿನ ಮಾತು ಕಿರುಚಿದ ಹಾಗೆ ಕೇಳುತ್ತೆ ಅಂತ ಜನ ದೂರು ಕೊಟ್ಟಿದ್ದರಂತೆ. ಮೈದುನನೇ ರಿಪೇರಿ ಮಾಡುತ್ತಾ ಬಂದಿದ್ದ ನಿಲ್ದಾಣದ ಹನ್ನೆರಡು ಸೆಟ್ಟನ್ನೂ ನಮ್ಮ ಮನೆಗೆ ಕಳಿಸಿ, ಒಂದೊಂದಕ್ಕೂ ಕಂಪ್ಯೂಟರಿನಲ್ಲಿ ಅಳೆದ ಗೆರೆಯ ಕಾಗದ ಬೇಕು, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ ಅಂದರು. ಉಳಿದ ಗಿರಾಕಿಗಳು ಯಾವತ್ತೋ ಕಡಿಮೆಯಾಗಿದ್ದರು. ಈ ಹನ್ನೆರಡೂ ಹೋದರೆ ಮೈದುನನಿಗೆ ಬೆಂಚಿನ ಮುಂದೆ ಕೂರುವುದಕ್ಕೆ ಕಾರಣವೇ ಇರುತ್ತಿರಲಿಲ್ಲ.

ನನ್ನ ಮಗಳು ತನ್ನ ಹಳೆಯ ಲ್ಯಾಪ್‌ಟಾಪ್ ತಂದಳು. ಜೊತೆಗೆ ಸದ್ದನ್ನು ಹೊರಗೆ ಕಳಿಸಿ ಒಳಗೆ ತಗೊಳ್ಳುವ ಅಂಗೈಯಷ್ಟು ಡಬ್ಬಿ. ಕಂಪ್ಯೂಟರ್ ಗುಂಯ್ ಅನ್ನುವ ದಪ್ಪ ಸದ್ದಿನಿಂದ ಹಿಡಿದು ಸೀಟಿಯಂಥ ಕೀರಲು ಸದ್ದಿನವರೆಗೆ ಒಂದೇ ಸಮ ಕಳಿಸುತ್ತದೆ. ಅದು ಆಂಪ್ಲಿಫೈಯರಿನ ಒಳಗೆ ಹಾದು ವಾಪಸ್ ಬರುತ್ತದೆ. ಹೋದ ಹಾಗೇ ಬಂದರೆ ಪರದೆಯ ಮೇಲೆ ಗೆರೆ ನೆಟ್ಟಗೆ. ಸ್ಪೀಕರಿನ ಜಾಗಕ್ಕೆ ಒಂದು ದಪ್ಪ ರೆಸಿಸ್ಟರ್ ಕಟ್ಟಬೇಕು, ಬಂದದ್ದನ್ನು ತಗ್ಗಿಸಿಯೇ ಡಬ್ಬಿಗೆ ಕೊಡಬೇಕು, ಇಲ್ಲದಿದ್ದರೆ ಡಬ್ಬಿ ಸುಟ್ಟುಹೋಗುತ್ತದೆ.

"ಮೊದಲು ಆಂಪ್ಲಿಫೈಯರ್ ಬೇಡ ಚಿಕ್ಕಪ್ಪ," ಅಂದಳು ಮಗಳು. "ಡಬ್ಬಿಯ ಬಾಯಿಂದ ಡಬ್ಬಿಯ ಕಿವಿಗೇ ವೈರ್ ಹಾಕಿ ಅದನ್ನೇ ಅಳೀಬೇಕು."

"ಅಕ್ಕಿ ಅಳೆಯೋ ಮುಂಚೆ ಸೇರನ್ನ ಅಳೀತಾರೇನೇ?"

"ಅಂಗಡಿಯವನ ಮೇಲೆ ಅನುಮಾನ ಇದ್ರೆ ಅಳೀತಾರೆ."

ಅವನು ನಕ್ಕು ವೈರ್ ಹಾಕಿದ. ಡಬ್ಬಿಯ ಗೆರೆ ನೂಲು ಹಿಡಿದ ಹಾಗೆ ನೆಟ್ಟಗೆ ಬಂತು.

ಮಗಳು ಹೋದ ಮೇಲೆ ನಾವಿಬ್ಬರೇ ಕೂತೆವು. ಗುಂಡಿ ಒತ್ತುವುದು ಅವನು, ಅಂಕಿ ಬರೆಯುವುದು ನಾನು. ಮೊದಲು ತೆಗೆದದ್ದು ಅವನು ಅದರ ಹಿಂದಿನ ವರ್ಷ ರಿಪೇರಿ ಮಾಡಿದ ಸೆಟ್ಟು. ಗೆರೆ ಬಲಗಡೆ, ಕೀರಲು ಸದ್ದಿನ ಕಡೆ, ಗುಡ್ಡದ ಹಾಗೆ ಎದ್ದು ನಿಂತಿತು. ಇರಬೇಕಾದದ್ದಕ್ಕಿಂತ ಒಂಬತ್ತು ಡೆಸಿಬಲ್ ಹೆಚ್ಚು. ಡಬ್ಬಿ ಸರಿಯಿಲ್ಲ ಅಂದ. ಡಬ್ಬಿಯನ್ನು ಮತ್ತೆ ಅಳೆದ, ನೆಟ್ಟಗಿತ್ತು. ವೈರ್ ಬದಲಾಯಿಸಿದ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದ. ಗುಡ್ಡ ಅಲ್ಲೇ ಇತ್ತು.

ಹನ್ನೆರಡನ್ನೂ ಅಳೆಯುವುದಕ್ಕೆ ಮೂರು ದಿನ ಹಿಡಿಯಿತು. ನಾನು ಚೀಟಿಯ ತಾರೀಖು ನೋಡಿ, ಹಳೆಯದು ಮೇಲೆ, ಹೊಸದು ಕೆಳಗೆ ಬರೆದಿದ್ದೆ. ಹನ್ನೊಂದು ವರ್ಷದ ಹಿಂದೆ ರಿಪೇರಿಯಾದದ್ದು ಸೊನ್ನೆ. ಎಂಟು ವರ್ಷದ ಹಿಂದಿನದು ಎರಡು. ಐದು ವರ್ಷದ ಹಿಂದಿನದು ಐದು. ಆಮೇಲೆ ಏಳು, ಒಂಬತ್ತು. ಅವನು ಬೆರಳಿಟ್ಟು ಮೇಲಿಂದ ಕೆಳಗೆ ಓದಿದ. ಮತ್ತೆ ಓದಿದ. ವರ್ಷ ವರ್ಷಕ್ಕೆ ತನ್ನ ಕಿವಿ ಎಷ್ಟು ಮಂದವಾಯಿತೋ ಅಷ್ಟನ್ನೇ ಸೆಟ್ಟಿಗೆ ಸೇರಿಸುತ್ತಾ ಬಂದಿದ್ದ.

"ಅತ್ತಿಗೆ, ನಿಮಗೆ ಗೊತ್ತಿತ್ತಾ?"

ಆರೇಳು ವರ್ಷದಿಂದ ನಮ್ಮವರ ದನಿ ತಗಡು ತಟ್ಟಿದ ಹಾಗೆ ಬರುತ್ತಿತ್ತು. ಅವರದು ಎದೆಯಿಂದ ಬರುತ್ತಿದ್ದ ದನಿ. ಮೊದಮೊದಲು ಕ್ಯಾಸೆಟ್ ಸವೆದಿರಬೇಕು ಅಂದುಕೊಂಡೆ. ಆಮೇಲೆ ಮೈದುನ ನನ್ನ ಜೊತೆ ಮಾತಾಡುವಾಗ ತುಟಿ ನೋಡುವುದು ಕಂಡಿತು. ಬೀದಿಯವರು ಕಿವಿಯಣ್ಣ ಅನ್ನುವವನಿಗೆ ಅದನ್ನು ಹೇಗೆ ಹೇಳಲಿ ಅಂತ ಸುಮ್ಮನಾದೆ.

"ಗೊತ್ತಿತ್ತಪ್ಪ," ಅಂದೆ.

"ಪ್ರತಿ ಸಲ ಕೇಳಿದ್ನಲ್ಲ."

"ನೀನು ಕೇಳ್ದೆ. ನಾನು ಸುಳ್ಳು ಹೇಳ್ದೆ."

ಬಯ್ಯಲಿಲ್ಲ. ಮರುದಿನ ಬೆಳಿಗ್ಗೆ ಒಂದು ಸೆಟ್ಟು ಬಿಚ್ಚಿ, ಪರದೆ ನೋಡಿಕೊಂಡೇ ಕೆಪಾಸಿಟರ್ ಬದಲಾಯಿಸಿ ಗೆರೆ ನೆಟ್ಟಗೆ ಮಾಡಿದ. ಕಾಗದಕ್ಕೆ ಬೇಕಾದ ಗೆರೆ ಅದೇ. ಆಮೇಲೆ ಸ್ಪೀಕರ್ ಕಟ್ಟಿ ಕ್ಯಾಸೆಟ್ ಹಾಕಿದ. ಎಷ್ಟೋ ವರ್ಷದ ಮೇಲೆ ನಮ್ಮವರು ನಮ್ಮವರ ಹಾಗೇ ಮಾತಾಡಿದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವನು ಸ್ಪೀಕರಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೂತಿದ್ದ.

"ಅಣ್ಣ ಕಂಬಳಿ ಹೊದ್ದು ಮಾತಾಡ್ತಿದಾನೆ," ಅಂದ. "ಒಂದು ಮಾತೂ ತಿಳೀತಿಲ್ಲ."

ಉಳಿದವನ್ನೂ ಗೆರೆ ನೋಡಿಯೇ ಸರಿಮಾಡಬಹುದಲ್ಲ ಅಂದೆ. ಅವನು ಸೆಟ್ಟಿನ ಮೈಯನ್ನು ಬೆರಳಿಂದ ತಟ್ಟುತ್ತಾ ಹೋದ. ಒಂದು ಕಡೆ ಚರ್ ಅಂತು. ಒಳಗೆಲ್ಲೋ ಬೆಸುಗೆ ಸಡಿಲವಾಗಿತ್ತು. ಪರದೆಯ ಗೆರೆಯಲ್ಲಿ ಅದರ ಸುಳಿವೇ ಇರಲಿಲ್ಲ. ಅವನು ತಟ್ಟಿಕೊಂಡು ಮುಂದೆ ಹೋಗಿಬಿಟ್ಟ. ನನ್ನ ಮುಖ ನೋಡಿ ಬೆರಳು ನಿಲ್ಲಿಸಿದ. ಸದ್ದು ಬಂತಾ ಅಂದ. ಬಂತು ಅಂದೆ.

"ನಾನು ಕೇಳಿ ಹೇಳ್ತೀನಿ, ನೀನು ಬೆಸುಗೆ ಹಾಕು," ಅಂದೆ.

"ಇಷ್ಟು ವರ್ಷ ನೀವೇ ಅಲ್ವಾ ಅತ್ತಿಗೆ, ಕೇಳಿ ಹೇಳಿದ್ದು."

ಆ ಮಾತಿನಲ್ಲಿ ಕೋಪ ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಗೆರೆಯ ಕಾಗದ ಇಲ್ಲದೆಯೇ ಹನ್ನೆರಡು ಸೆಟ್ಟನ್ನೂ ವಾಪಸ್ ಕಳಿಸಿದ. ಹೋದ ತಾರೀಖು ಬರೆದೆ. ಏನು ಬದಲಾಯಿಸಿದ್ದು ಅನ್ನುವ ಕಡೆ, ಹನ್ನೊಂದಕ್ಕೆ ಏನೂ ಇಲ್ಲ ಅಂತ ಬರೆದೆ. ಈಗಲೂ ಬೆಳಿಗ್ಗೆ ಬೆಂಚಿನ ಮುಂದೆ ಹೋಗಿ ಕೂರುತ್ತಾನೆ. ಊಟಕ್ಕೆ ಎರಡು ಸಲ ಕರೆಯುತ್ತೇನೆ. ಮೂರನೇ ಸಲ ಎದ್ದು ಹೋಗಿ ಭುಜ ಮುಟ್ಟುತ್ತೇನೆ.