ಸೈರನ್ ಅಕ್ಕ ಕುದುರೆ ಏರಿದ್ದು

ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಸೈರನ್ ಅಕ್ಕ ಅಂತಲೇ ಕರೆಯುತ್ತಿದ್ದರು. ಹೊಲಿಗೆ ಮೆಷಿನ್ನುಗಳ ಗದ್ದಲವನ್ನು ಮೀರಿಸುವ ಗಂಟಲು ಅಲ್ಲಿ ಇದ್ದದ್ದು ಅವಳೊಬ್ಬಳಿಗೇ. ಈ ತುದಿಯಲ್ಲಿ ನಿಂತು "ಕಾಲರ್ ಸೊಟ್ಟ" ಅಂದರೆ ಆ ತುದಿಯಲ್ಲಿ ಹೊಲಿಯುತ್ತಿದ್ದವಳ ಕೈ ತಾನಾಗಿ ನಿಲ್ಲುತ್ತಿತ್ತು. ನಿವೃತ್ತಿಯಾದ ಮೇಲೂ ಗಂಟಲು ಹಾಗೇ ಉಳಿಯಿತು, ಕೇಳುವ ಕಿವಿಗಳು ಮಾತ್ರ ಕಡಿಮೆಯಾದವು. ಮಗ ಲಾರಿ ಮೆಕ್ಯಾನಿಕ್, ಗ್ಯಾರೇಜಿನಲ್ಲೇ ಇದ್ದುಬಿಟ್ಟು ಬಚಾವಾಗುತ್ತಿದ್ದ. ಎಲ್ಲ ಬಂದು ಬೀಳುತ್ತಿದ್ದದ್ದು ಸೊಸೆಯ ಮೇಲೆ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಆ ಹುಡುಗಿ "ಆಯ್ತು ಅತ್ತೆ" ಅನ್ನುವುದರ ಆಚೆಗೆ ಬಾಯಿ ಬಿಟ್ಟವಳಲ್ಲ.

ಅಂಥವಳು ಭಾನುವಾರ ಬೆಳಕು ಹರಿಯುವ ಮೊದಲೇ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ಹೊರಬೀಳಲು ಶುರುಮಾಡಿದಳು. ಬರುವಾಗ ಬಟ್ಟೆಗೆಲ್ಲ ಹುಲ್ಲು, ಮುಖ ಕೆಂಪಗೆ, ಪಾತ್ರೆ ತೊಳೆಯುವಾಗ ಹಾಡು ಬೇರೆ. ಎಲ್ಲಿಗೆ ಅಂದರೆ ವಾಕಿಂಗ್ ಅನ್ನುತ್ತಿದ್ದಳು. ಅತ್ತೆಗೆ ತಡೆಯಲಾಗಲಿಲ್ಲ. ಒಂದು ಭಾನುವಾರ ಆಟೋ ಹತ್ತಿ ಸೊಸೆ ಹೋದ ಬಸ್ಸಿನ ಬೆನ್ನು ಹಿಡಿದಳು.

ಕೊನೆಯ ಸ್ಟಾಪಿನ ಆಚೆ, ಹಳೇ ಇಟ್ಟಿಗೆ ಗೂಡಿನ ಹಿಂದೆ, ತಗಡಿನ ಚಾವಣಿಯ ಉದ್ದನೆಯ ಕುದುರೆ ಲಾಯ. ಗೇಟಿನ ಮೇಲೆ "ಕಾಡುದಾರಿ ಕುದುರೆ ಸವಾರರ ಸಂಘ" ಎಂಬ ಬೋರ್ಡು. ಒಳಗೆ ನೋಡಿದರೆ ಸೊಸೆ ಕಪ್ಪು ಕುದುರೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತು, ಪಕ್ಕದ ಕುದುರೆಯ ಮೇಲಿದ್ದ ಬ್ಯಾಂಕಿನವರೊಬ್ಬರಿಗೆ ಲಗಾಮು ಹಿಡಿಯುವುದು ಹೇಗೆಂದು ನಗುನಗುತ್ತಾ ಹೇಳಿಕೊಡುತ್ತಿದ್ದಾಳೆ. ಈ ಹುಡುಗಿಗೆ ಇಷ್ಟು ಮಾತು ಬರುತ್ತದೆ ಎಂಬುದೇ ಅತ್ತೆಗೆ ಗೊತ್ತಿರಲಿಲ್ಲ. ಸಿಟ್ಟೋ ಗಾಬರಿಯೋ, ಒಂದು ಕೂಗು ಹಾಕಿದಳು. ಕುದುರೆಗಳೆಲ್ಲ ಒಟ್ಟಿಗೆ ತಲೆ ಕೊಡವಿದವು. ಬ್ಯಾಂಕಿನವರು ಕುದುರೆಯ ಕತ್ತನ್ನು ತಬ್ಬಿಕೊಂಡರು.

ಕುದುರೆ ಸವಾರಿ ಕಲಿಸುವ ಮೇಷ್ಟ್ರು, ಕಡ್ಡಿಯಂಥ ಮನುಷ್ಯ, ಹತ್ತಿರ ಬಂದು ಹೇಳಿದರು: "ಅಮ್ಮಾ, ಇಲ್ಲಿ ಜಗಳ ಆಡೋದಾದ್ರೂ ಮೆತ್ತಗೆ ಆಡಬೇಕು."

ಅವಳ ಬಾಯಿ ಮುಚ್ಚಿಸಿದವರೇ ಅದುವರೆಗೆ ಇರಲಿಲ್ಲ. ತಿರುಗಿ ಜಗಳಕ್ಕೆ ಸೆರಗು ಸಿಕ್ಕಿಸುವಷ್ಟರಲ್ಲಿ ಲಾಯದ ಅಡ್ಡಗಂಬಿಯ ಆಚೆಯಿಂದ ಒಂದು ಗುಂಡನೆಯ ಕಂದು ಕುದುರೆ ಕತ್ತು ಚಾಚಿ ಅವಳ ಹೆಗಲನ್ನು ಮೂಸಿತು. ಬಿಸಿಯುಸಿರು ಕುತ್ತಿಗೆಗೆ ತಾಗಿ ಮೈ ಜುಮ್ಮೆಂದಿತು. ಅದರ ಹೆಸರು ದಿಂಬು ಎಂದರು. ಮುಂದಿನ ಭಾನುವಾರ ಸೊಸೆ ಏಳುವಷ್ಟರಲ್ಲಿ ಅತ್ತೆ ಮಗನ ಹಳೇ ಪ್ಯಾಂಟು ತೊಟ್ಟು ಬಾಗಿಲಲ್ಲಿ ರೆಡಿಯಾಗಿ ನಿಂತಿದ್ದಳು.

ದಿಂಬುವಿಗೆ ಗದರಿಕೆ ಎಂದರೆ ಆಗದು. "ನಡಿ" ಎಂದು ಅಬ್ಬರಿಸಿದರೆ ಕಿವಿ ಹಿಂದಕ್ಕೆ ಮಡಚಿ ಕಂಬದ ಹಾಗೆ ನಿಂತುಬಿಡುತ್ತಿತ್ತು. ಉಸಿರು ನಿಧಾನಕ್ಕೆ ಬಿಟ್ಟು ಕಾಲನ್ನು ಸುಮ್ಮನೆ ಒತ್ತಿ ಎಂದರು ಮೇಷ್ಟ್ರು. ಒತ್ತಿದಳು. ಅಷ್ಟು ದೊಡ್ಡ ಪ್ರಾಣಿ ಮಾತಿಲ್ಲದೆ ಹೆಜ್ಜೆ ಹಾಕಿದಾಗ ಅವಳಿಗೆ ಖುಷಿ ತಡೆಯಲಾಗದೆ ನಗು ಬಂತು.

ಮೊದಮೊದಲು ತೊಡೆ ಎಷ್ಟು ನೋಯುತ್ತಿತ್ತೆಂದರೆ ಗೋಡೆ ಹಿಡಿದು ಕೂರಬೇಕಾಗುತ್ತಿತ್ತು. ಆಮೇಲೆ, ವರ್ಷಗಟ್ಟಲೆ ನಿಂತು ಹಿಡಿದುಕೊಂಡಿದ್ದ ಸೊಂಟ ಸಡಿಲವಾಯಿತು. ರಾತ್ರಿ ಮಾತ್ರೆಯಿಲ್ಲದೆ ನಿದ್ದೆ ಬಂತು. ಮೈ ಉಜ್ಜುವುದು, ಗೊರಸಿನ ಮಣ್ಣು ತೆಗೆಯುವುದು ಎಲ್ಲ ಕಲಿತಳು. ಸವಾರಿಯ ನಂತರ ಹುಲ್ಲಿನ ಹೊರೆಗಳ ಮೇಲೆ ಕೂತು ಚಹಾ ಕುಡಿಯುವಾಗ ಬ್ಯಾಂಕಿನವರು, ಬೇಕರಿಯಾಕೆ, ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಬರದೇ ಇದ್ದ ಟೀಚರಮ್ಮ ಎಲ್ಲರೂ ಅವಳ ಕಾರ್ಖಾನೆ ಕತೆಗಳಿಗೆ ಬಿದ್ದುಬಿದ್ದು ನಗುತ್ತಿದ್ದರು. ಬಸ್ಸಿನಲ್ಲಿ ಅತ್ತೆ ಸೊಸೆಯ ಮಾತು ಮುಗಿಯುತ್ತಲೇ ಇರಲಿಲ್ಲ. ಈ ಮನೆಯಲ್ಲಿ ನನ್ನ ಊಟ ಆಯಿತಾ ಅಂತ ಯಾರೂ ಕೇಳುವುದಿಲ್ಲ, ದಿಂಬುವಿನದನ್ನೇ ವಿಚಾರಿಸುತ್ತಾರೆ ಎಂದು ಮಗ ಗೊಣಗುತ್ತಿದ್ದ.

ಮಳೆಗಾಲ ಕಳೆದ ಮೇಲೆ ಗುಡ್ಡ ಬಳಸಿ ಹೋಗುವ ದೊಡ್ಡ ದಾರಿಗೆ ಹೊರಟರು. ಹೊಳೆದಡದ ಇಕ್ಕಟ್ಟಿನಲ್ಲಿ ಪೊದೆಗೆ ಸಿಕ್ಕಿದ್ದ ಪ್ಲಾಸ್ಟಿಕ್ ಹಾಳೆಯೊಂದು ಗಾಳಿಗೆ ಪಟಪಟ ಎದ್ದಿತು. ಸೊಸೆಯ ಕುದುರೆ ಬೆದರಿ ಮುಂದಿದ್ದ ಮೇಷ್ಟ್ರನ್ನು ದಾಟಿ ಓಟ ಕಿತ್ತಿತು. ಅತ್ತೆಗೆ ಕೂಗು ಗಂಟಲ ತನಕ ಬಂತು. ಕೂಗಿದರೆ ಅದು ಇನ್ನಷ್ಟು ಓಡುತ್ತದೆ, ಬೆನ್ನಟ್ಟಿದರೂ ಅಷ್ಟೇ. ಮೇಷ್ಟ್ರು ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಜೊತೆಯವು ನಿಂತರೆ ಒಂಟಿ ಕುದುರೆ ಹೆಚ್ಚು ದೂರ ಹೋಗದು. ಅವಳು ಕೂಗನ್ನು ನುಂಗಿಕೊಂಡು ಲಗಾಮು ಸಡಿಲ ಬಿಟ್ಟು ಕೂತಳು. ಸೊಸೆ ತಿರುವಿನಲ್ಲಿ ಕಾಣೆಯಾಗುವುದನ್ನು ನೋಡುತ್ತಾ ಸುಮ್ಮನೆ ಕೂರುವುದಕ್ಕಿಂತ ಕಷ್ಟದ ಕೆಲಸವನ್ನು ಅವಳು ಜನ್ಮದಲ್ಲಿ ಮಾಡಿರಲಿಲ್ಲ.

ದಿಂಬು ಜೋರಾಗಿ ಕೆನೆಯಿತು. ಆಚೆಯಿಂದ ಉತ್ತರ ಬಂತು. ತಿರುವಿನಲ್ಲಿ ಕಪ್ಪು ಮೂತಿ ಕಾಣಿಸಿತು, ಅದರ ಹಿಂದೆ ಒಂದು ಕಾಲು ಜೀನಿನ ಬಳೆಯಿಂದ ತಪ್ಪಿ ಜೋತಾಡುತ್ತಿದ್ದರೂ ಬೀಳದೆ ಕೂತಿದ್ದ ಸೊಸೆ.

"ಬಾ ಮಗಳೇ, ಬಾ, ನಿಧಾನಕ್ಕೆ ಬಾ," ಎಂದಳು ಅತ್ತೆ, ಕುದುರೆ ಹತ್ತಿರವಾದಾಗ, ಅದು ಬೆದರದಷ್ಟು ಮೆಲ್ಲಗೆ.

ಹತ್ತಿರ ಬಂದ ಸೊಸೆಯ ಕಣ್ಣು ಹೊಳೆಯುತ್ತಿತ್ತು. "ಮಗಳೇ ಅಂದಿದ್ದು ನನಗಾ ಅತ್ತೆ, ಕುದುರೆಗಾ?"

"ಕುದುರೆಗೆ. ನೀನು ಅದರ ಮೇಲೆ ಕೂತ್ಕೊಂಡು ಬಂದೆ, ಅಷ್ಟೇ," ಎಂದವಳು ಬಗ್ಗಿ ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದಳು.

ಮನೆಗೆ ಹೋಗೋಣವೇ ಎಂದು ಮೇಷ್ಟ್ರು ಕೇಳಿದ್ದಕ್ಕೆ ಬೇಡ ಎಂದದ್ದು ಸೊಸೆಯೇ. ಗುಡ್ಡ ಇಳಿದರೆ ಬಯಲು, ಹೂಳು ತುಂಬಿ ವರ್ಷಗಳಿಂದ ನೀರು ನಿಲ್ಲದ ಕೆರೆಯಂಗಳದ ಚಪ್ಪಟೆ ನೆಲ. ಓಡಿಸಬೇಕೆನ್ನುವವರು ಓಡಿಸಬಹುದು ಎಂದರು ಮೇಷ್ಟ್ರು. ಅತ್ತೆ ಅದುವರೆಗೆ ಕುದುರೆ ಓಡಿಸಿದವಳಲ್ಲ. ಸೊಸೆಯ ಮುಖ ನೋಡಿದಳು, ಕಾಲು ಒತ್ತಿದಳು. ಎರಡು ಕುದುರೆಗಳೂ ಸರಿಸಮ ಓಟಕ್ಕೆ ಬಿದ್ದವು. ಗಾಳಿ ಕಿವಿಯಲ್ಲಿ ಭೋರೆಂದಿತು, ಹೊಟ್ಟೆಯೊಳಗೆ ಕಚಗುಳಿ ಇಟ್ಟಂತಾಯಿತು, ಬಯಲಿನ ಆಚೆಯ ಮರಗಳು ಅವಳ ಕಡೆಗೇ ಓಡಿ ಬಂದವು.